ಮಳೆ ಹಿಡಿಯುವ ಮುಂಚೆ ಒಂದು ಮುಯ್ಯಾಳು

ಹೊರನಾಡು
ಏಪ್ರಿಲ್ ಕೊನೆಯ ವಾರ

ಕಳಸ, ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪ, ಚಿಕ್ಕಮಗಳೂರು ಕಡೆ ಬೇಸ್ ಗಿಟಾರ್ ನುಡಿಸುವ ಅಣ್ಣಂದಿರಿಗೆ, ತಮ್ಮಂದಿರಿಗೆ, ಅಕ್ಕತಂಗಿಯರಿಗೆ,



ನಿಮ್ಮಲ್ಲಿ ಕೆಲವರ ಮುಖ ಪರಿಚಯ ನನಗಿದೆ. ಗಣಪತಿ ಪೆಂಡಾಲಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಒಟ್ಟಿಗೆ ಉಪ್ಪಿಟ್ಟು ತಿಂದಿದ್ದೇವೆ. ರಾಜ್ಯೋತ್ಸವದ ರಸಮಂಜರಿಯಲ್ಲಿ ಒಂದು ತಂಡ ಇಳಿಯುವಾಗ ಇನ್ನೊಂದು ತಂಡ ಹತ್ತುತ್ತ ಸ್ಟೇಜಿನ ಮೆಟ್ಟಿಲ ಮೇಲೆ ಕೈ ಕುಲುಕಿದ್ದೇವೆ. ಇನ್ನು ಕೆಲವರನ್ನು ಬರೀ ಸದ್ದಿನಿಂದ ಬಲ್ಲೆ. ಒಮ್ಮೆ ರಾತ್ರಿ ಮಾಗುಂಡಿ ಕಡೆಯಿಂದ ಬೈಕಿನಲ್ಲಿ ಬರುವಾಗ ಗುಡ್ಡದಾಚೆಯ ಯಾವುದೋ ಶಾಲೆ ಮೈದಾನದಿಂದ ಬೇಸ್ ಕೇಳಿಸಿತು. ಹಾಡು ಕೇಳಿಸುತ್ತಿರಲಿಲ್ಲ, ಹಾಡುವವರ ದನಿಯೂ ಇಲ್ಲ, ಬೇಸ್ ಒಂದೇ. ಎಂಜಿನ್ ಆರಿಸಿ ಕತ್ತಲಲ್ಲಿ ನಿಂತು ಕೇಳಿದೆ. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಕೈ ಚೆನ್ನಾಗಿತ್ತು. ಆ ಕೈ ನಿಮ್ಮದಾಗಿದ್ದರೆ ಈ ಪತ್ರ ಮೊದಲು ನಿಮಗೆ.

ಇದನ್ನು ಬರೆಯಲೇಬೇಕು ಅನ್ನಿಸಿದ್ದು ಹೋದ ಆಗಸ್ಟಿನಲ್ಲಿ. ನನಗೆ ಬೇಸ್ ಹಿಡಿಯುವುದನ್ನು ಕಲಿಸಿದ ಹಿರಿಯರು ತೀರಿಕೊಂಡು ಆಗ ಎರಡು ವರ್ಷ. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಟೌನ್‌ಶಿಪ್ಪಿನ ಕಾರ್ಯಕ್ರಮಗಳಿಗೆ ನುಡಿಸುತ್ತಿದ್ದವರು ಅವರು. 2005ರ ಕೊನೆಗೆ ಗಣಿಗಾರಿಕೆ ನಿಂತು ಟೌನ್‌ಶಿಪ್ ಖಾಲಿಯಾಗುತ್ತ ಬಂದಾಗ ಕಳಸದ ಕಡೆ ಬಂದು ನೆಲೆಸಿದರು. ಅವರ ಬೇಸನ್ನು ನೋಡಿಕೊಂಡು ಬರೋಣ, ಯಾರಾದರೂ ಹುಡುಗರಿಗೆ ಕೊಡುವುದಾದರೆ ಕೊಡಿಸೋಣ ಎಂದು ಮನೆಗೆ ಹೋದೆ. ಮನೆಯವರು ಅಟ್ಟದಿಂದ ಇಳಿಸಿ ಕೊಟ್ಟರು. ಅಕ್ಕರೆಯಿಂದ ಎರಡು ಸುತ್ತು ದಪ್ಪ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದಿದ್ದರು. ಆ ಪ್ಲಾಸ್ಟಿಕ್ಕೇ ಅದನ್ನು ಕೊಂದಿತ್ತು. ಒಳಗೆ ಸಿಕ್ಕಿಬಿದ್ದ ತೇವ ಎರಡು ಮಳೆಗಾಲ ಹೊರಗೆ ಬರಲಾಗದೆ ಕುಳಿತು, ಮೈಯೆಲ್ಲ ಬೂಷ್ಟು ಹಿಡಿದು, ಬ್ರಿಡ್ಜಿನ ಸ್ಕ್ರೂಗಳು ತುಕ್ಕಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬ್ಯಾಟರಿ ಸೋರಿ ಒಳಗಿನ ವೈರು ಹಸಿರಾಗಿತ್ತು. ನೆಕ್ ಬಿಲ್ಲಿನ ಹಾಗೆ ಬಾಗಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತು, "ಸರಿ ಮಾಡ್ಬಹುದಾ?" ಎಂದು ಕೇಳಿದರು. ಆಗಲ್ಲ ಅಮ್ಮ ಎನ್ನಲು ನನಗೆ ಬಾಯಿ ಬರಲಿಲ್ಲ.

ಆ ವಾದ್ಯದ ಜೊತೆ ಹೋದದ್ದು ಇನ್ನೂ ಇದೆ. ನೂರು ಇಂಚು ದಾಟುವ ಈ ಮಳೆಯಲ್ಲಿ ಮರದ ವಾದ್ಯವನ್ನು ಮೂವತ್ತು ವರ್ಷ ಶ್ರುತಿಯಲ್ಲಿಟ್ಟುಕೊಂಡವರು ಅವರು. ಅದರಲ್ಲಿ ಅರ್ಧ ನನಗೆ ಹೇಳಿಕೊಟ್ಟಿದ್ದರು. ಉಳಿದರ್ಧವನ್ನು ನಾನು ಕೇಳಲಿಲ್ಲ. ಯಾರೂ ಕೇಳಲಿಲ್ಲ.

ನಾವು ಚೆದುರಿ ಹೋಗಿರುವವರು. ಪ್ರತಿ ಊರಿನಲ್ಲೂ ತಬಲಾದವರು ಸಿಗುತ್ತಾರೆ, ಕೀಬೋರ್ಡಿನವರು ಸಿಗುತ್ತಾರೆ. ಬೇಸ್ ಹಿಡಿಯುವವರು ಹೋಬಳಿಗೊಬ್ಬರಿದ್ದರೆ ಹೆಚ್ಚು. ಹಾಗಾಗಿ ಒಬ್ಬೊಬ್ಬರೂ ಒಂದೇ ತಪ್ಪನ್ನು ಬೇರೆಬೇರೆಯಾಗಿ ಮಾಡಿ, ಬೇರೆಬೇರೆಯಾಗಿ ದುಡ್ಡು ಕಳೆದುಕೊಂಡು, ಒಂದೇ ಪಾಠವನ್ನು ಒಂಟಿಯಾಗಿ ಕಲಿಯುತ್ತಿದ್ದೇವೆ. ನಮ್ಮ ಅಜ್ಜಂದಿರು ಗದ್ದೆ ನೆಟ್ಟಿಗೆ ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಮಾತಿಲ್ಲ, ಮಧ್ಯಾಹ್ನದ ಊಟ ಮಾತ್ರ. ನಾವೂ ಅದನ್ನೇ ಮಾಡೋಣ ಎಂದು ಕೇಳಿಕೊಳ್ಳುವುದು ಈ ಪತ್ರದ ಉದ್ದೇಶ. ಮೊದಲ ಆಳಾಗಿ ನಾನು ಬರುತ್ತೇನೆ. ನನಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ.

ಮಳೆಯಿಂದಲೇ ಶುರು ಮಾಡುತ್ತೇನೆ. ಕಾಫಿ ಒಣಗಿಸುವವರಿಗೆ ತೇವದ ವಿಷಯ ಹೇಳಿಕೊಡಬೇಕಾಗಿಲ್ಲ. ಪಾರ್ಚ್‌ಮೆಂಟ್ ಹತ್ತು ಪರ್ಸೆಂಟಿಗೆ ಇಳಿಯುವವರೆಗೆ ಕಣದಲ್ಲಿ ತಿರುವುತ್ತೇವೆ, ಸ್ವಲ್ಪ ಹಸಿ ಉಳಿದರೂ ಚೀಲದಲ್ಲಿ ಬೂಷ್ಟು ಬರುತ್ತದೆಂದು ನಮಗೆ ಗೊತ್ತು. ಗಿಟಾರಿನ ಮರವನ್ನು ಅದಕ್ಕಿಂತಲೂ ಒಣಗಿಸಿ ಕೆತ್ತಿರುತ್ತಾರೆ. ಅಂಥದ್ದು ಜೂನ್ ತಿಂಗಳಲ್ಲಿ ನಮ್ಮ ಮನೆಯೊಳಗೆ ಬಂದರೆ ಗಾಳಿಯಲ್ಲಿರುವ ನೀರನ್ನು ಕುಡಿದು ಉಬ್ಬುತ್ತದೆ. ಮಾರ್ಚಿನ ಬಿಸಿಲಿಗೆ ಮತ್ತೆ ಸಂಕುಚಿಸುತ್ತದೆ. ಇದರ ಮೇಲೆ ನಾಲ್ಕು ತಂತಿಗಳು ಸೇರಿ ನೆಕ್ಕನ್ನು ಎಳೆಯುವ ಬಲ ಹೆಚ್ಚೂಕಡಿಮೆ 75 ಕೆಜಿ. ಒಂದೂವರೆ ಚೀಲ ಕಾಫಿ ಹಗಲೂ ರಾತ್ರಿ ಆ ಸಣ್ಣ ಮರದ ಪಟ್ಟಿಗೆ ನೇತುಬಿದ್ದಿದೆ ಎಂದುಕೊಳ್ಳಿ. ಆ ಎಳೆತಕ್ಕೆ ಎದುರಾಗಿ ನೆಕ್ಕಿನ ಒಳಗೆ ಒಂದು ಕಬ್ಬಿಣದ ಸರಳಿದೆ, ಅದೇ ಟ್ರಸ್ ರಾಡ್. ಮರ, ತಂತಿ, ಸರಳು ಮೂರರ ನಡುವಿನ ಹಗ್ಗಜಗ್ಗಾಟ ನಮ್ಮ ಕಡೆ ವರ್ಷಕ್ಕೆ ಎರಡು ಸಲವಾದರೂ ತಪ್ಪುತ್ತದೆ.

ನೋಡುವ ಬಗೆ ಸುಲಭ. ದಪ್ಪ ತಂತಿಯನ್ನು ಎಡಗೈಯಿಂದ ಒಂದನೇ ಫ್ರೆಟ್ಟಿನಲ್ಲಿ ಒತ್ತಿ, ಬಲಗೈಯಿಂದ ಮೈಯ ಹತ್ತಿರದ ಕೊನೆಯ ಫ್ರೆಟ್ಟಿನಲ್ಲಿ ಒತ್ತಿ. ಈಗ ತಂತಿಯೇ ಅಳತೆಪಟ್ಟಿ. ಏಳು ಎಂಟನೇ ಫ್ರೆಟ್ಟಿನ ಮೇಲೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಇರಬೇಕು. ಎರಡು ಮೂರು ಕಾರ್ಡು ಹೋದರೆ ನೆಕ್ ಮುಂದಕ್ಕೆ ಬಾಗಿದೆ, ರಾಡನ್ನು ಬಲಕ್ಕೆ ತಿರುಗಿಸಬೇಕು. ಸಂದಿಯೇ ಇಲ್ಲದೆ ತಂತಿ ಫ್ರೆಟ್ಟಿಗೆ ತಾಗುತ್ತಿದ್ದರೆ ಹಿಂದಕ್ಕೆ ಬಾಗಿದೆ, ಎಡಕ್ಕೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಆಮೇಲೆ ತಂತಿ ಶ್ರುತಿಗೆ ತಂದು ಒಂದು ರಾತ್ರಿ ಬಿಡಿ, ಮರಕ್ಕೆ ಒಗ್ಗಿಕೊಳ್ಳಲು ಹೊತ್ತು ಬೇಕು. ರಾಡ್ ತಿರುಗಿಸುವ ಕೀಲಿ ಬಿಗಿಯಾಗಿ ನಿಂತರೆ ಬಲ ಹಾಕಬೇಡಿ. ನನಗೆ ಈ ಕೆಲಸ ಹೇಳಿಕೊಟ್ಟ ಹಿರಿಯರು, "ಅಡಕೆಯ ಸಿಪ್ಪೆ ಸುಲಿದಂತೆ ಮಾಡು, ಕೊಕ್ಕೆ ಹಾಕಿ ಎಳೆದಂತೆ ಬೇಡ" ಅನ್ನುತ್ತಿದ್ದರು. ಮಳೆಗಾಲ ಬಂತೆಂದು ನಾಲ್ಕೂ ತಂತಿಯನ್ನು ಪೂರ್ತಿ ಸಡಿಲಿಸಿ ಇಡುವ ಅಭ್ಯಾಸ ಕೆಲವರಿಗಿದೆ. ಅದನ್ನು ಬಿಡಿ. ಎದುರು ಎಳೆತ ಇಲ್ಲದೆ ಸರಳು ಒಂದೇ ಮರವನ್ನು ಹಿಂದಕ್ಕೆ ಬಗ್ಗಿಸುತ್ತದೆ.

ಇಡುವ ಜಾಗ ಇನ್ನೊಂದು ವಿಷಯ. ಬಚ್ಚಲೊಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಟ್ಟವರನ್ನು ಕಂಡಿದ್ದೇನೆ. ಹೊಗೆ, ಬಿಸಿ ಎರಡೂ ಸೇರಿ ಅಂಟು ಬಿಡುತ್ತದೆ. ನಮ್ಮ ಮನೆಗಳಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಬಾರದಿರಲೆಂದು ಬೀರುವಿನೊಳಗೆ ಸಣ್ಣ ಬಲ್ಬು ಉರಿಸುತ್ತಿದ್ದರಲ್ಲ, ಅದೇ ಸರಿಯಾದ ದಾರಿ. ಆದರೆ ಅದು 15 ವ್ಯಾಟಿನ ಹಳೇ ಬಲ್ಬು ಆಗಿರಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಬಲ್ಬು ಕೆಳಗೆ ಒಂದು ಮೂಲೆಯಲ್ಲಿರಲಿ, ಬಟ್ಟೆಗೂ ವಾದ್ಯಕ್ಕೂ ತಾಗದಿರಲಿ. ಬೀರುವಿನಲ್ಲಿ ಒಂದು ಸಣ್ಣ ತೇವಮಾಪಕ ಇಟ್ಟು, ಅದು 45ರಿಂದ 60ರ ನಡುವೆ ಇರುವಂತೆ ನೋಡಿಕೊಂಡರೆ ಸಾಕು. ಬೀರು ಇಲ್ಲದವರು ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟರೆ ಮತ್ತೆ ನೀಲಿಯಾಗುತ್ತದೆ. ಪ್ಲಾಸ್ಟಿಕ್ ಸುತ್ತುವುದು ಮಾತ್ರ ಬೇಡವೇ ಬೇಡ. ನೆಕ್ಕಿಗೆ ತೆಂಗಿನೆಣ್ಣೆ ಸವರುವುದೂ ಬೇಡ. ಅದು ಕಮಟುತ್ತದೆ, ಧೂಳು ಹಿಡಿಯುತ್ತದೆ. ಕಾರ್ಯಕ್ರಮ ಮುಗಿದ ಕೂಡಲೆ ಒಣಗಿದ ಹಳೇ ಪಂಚೆಯ ತುಂಡಿನಿಂದ ತಂತಿಗಳ ಮೇಲೂ ಅಡಿಯಲ್ಲೂ ಬೆವರು ಒರೆಸಿದರೆ ತಂತಿಯ ಆಯಸ್ಸು ಇಮ್ಮಡಿಯಾಗುತ್ತದೆ. ಬ್ಯಾಟರಿ ಇರುವ ಬೇಸ್ ಆದರೆ ಜೂನ್ ಬಂದ ಕೂಡಲೆ ಒಂಬತ್ತು ವೋಲ್ಟಿನ ಬ್ಯಾಟರಿ ತೆಗೆದಿಡಿ. ಕೇಬಲ್ ಜ್ಯಾಕಿನಲ್ಲಿ ಚುಚ್ಚಿಯೇ ಬಿಟ್ಟರೆ ನುಡಿಸದಿದ್ದರೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ.

ತಂತಿಯ ಬಗ್ಗೆ. ಒಂದು ಒಳ್ಳೆಯ ಸೆಟ್ಟಿಗೆ ತೋಟದ ಕೆಲಸದ ಕೆಲವು ದಿನದ ಕೂಲಿ ಬೇಕು. ಹಾಗಾಗಿ ನಾವೆಲ್ಲ ಸತ್ತ ತಂತಿಯನ್ನು ಕುದಿಸಿ ಮತ್ತೆ ಕಟ್ಟಿದವರೇ. ಕುದಿಸಿದರೆ ಸುರುಳಿಗಳ ನಡುವಿನ ಜಿಡ್ಡು ಬಿಟ್ಟು ಕೆಲವು ದಿನ ಮಿಂಚುತ್ತದೆ, ನಿಜ. ಆದರೆ ನಮ್ಮ ಹವೆಯಲ್ಲಿ ನೀರು ಪೂರ್ತಿ ಆರದೆ ಒಳಗಿನಿಂದಲೇ ತುಕ್ಕು ಶುರುವಾಗುತ್ತದೆ. ಒಂದು ಗೇಣಿಗಿಂತ ಉದ್ದದ ಪಿವಿಸಿ ಪೈಪಿಗೆ ಎರಡೂ ಕಡೆ ಮುಚ್ಚಳ ಹಾಕಿ, ಸ್ಪಿರಿಟ್ ತುಂಬಿ, ತಂತಿಗಳನ್ನು ಸುರುಳಿ ಮಾಡಿ ಒಂದು ರಾತ್ರಿ ಮುಳುಗಿಸಿಡುವುದು ಮೇಲು. ಒಲೆಯಿಂದ ದೂರ ಇಡಬೇಕು, ಅಷ್ಟೇ. ಇನ್ನೊಂದು ದಾರಿ ಚಪ್ಪಟೆ ಪಟ್ಟಿ ಸುತ್ತಿದ ಫ್ಲ್ಯಾಟ್‌ವೌಂಡ್ ತಂತಿ. ಅಮೆರಿಕದ ಮೋಟೌನ್ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್‌ಸನ್ ತಮ್ಮ 1962ರ ಫೆಂಡರ್ ಪ್ರಿಸಿಷನ್ ಬೇಸಿಗೆ ದಪ್ಪ ಫ್ಲ್ಯಾಟ್‌ವೌಂಡ್ ಕಟ್ಟಿ, ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಬಲಗೈಯ ತೋರುಬೆರಳೊಂದರಿಂದಲೇ ನುಡಿಸುತ್ತಿದ್ದರು. ಹಳೆಯ ಕನ್ನಡ ಚಿತ್ರಗೀತೆಗಳೇ ಹೆಚ್ಚಿರುವ ನಮ್ಮ ರಸಮಂಜರಿಗೆ ಆ ಮಂದ ದನಿ ಚೆನ್ನಾಗಿ ಹೊಂದುತ್ತದೆ. ನಾನು ಆರು ವರ್ಷದಿಂದ ಒಂದೇ ಸೆಟ್ಟಿನಲ್ಲಿದ್ದೇನೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಿಮ್ಮ ಬೇಸಿನ ಫ್ರೆಟ್‌ಬೋರ್ಡ್ ಕಂದು ನೇರಳೆ ಬಣ್ಣದ್ದಾಗಿದ್ದರೆ ಅದು ನಮ್ಮ ಬೀಟೆಯಾಗಿರಬಹುದು. ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಲೋಕಕ್ಕೆಲ್ಲ ಇಂಡಿಯನ್ ರೋಸ್‌ವುಡ್. ಲಿಯೋ ಫೆಂಡರ್ 1951ರಲ್ಲಿ ತಂದ ಮೊದಲ ಪ್ರಿಸಿಷನ್ ಬೇಸಿನ ನೆಕ್ ಬರೀ ಮೇಪಲ್ ಮರದ್ದು. 1959ರ ಹೊತ್ತಿಗೆ ಅದರ ಮೇಲೆ ರೋಸ್‌ವುಡ್ ಪಟ್ಟಿ ಬಂತು. ಮೊದಲು ಬ್ರೆಜಿಲಿನದು, ಆಮೇಲೆ ಅರವತ್ತರ ದಶಕದಲ್ಲಿ ಭಾರತದ್ದು. ನಮ್ಮ ತೋಟಗಳಲ್ಲಿ ಕಾಫಿ ಗಿಡಕ್ಕೆ ನೆರಳು ಕೊಡುತ್ತ, ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿರುವ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಹಾಕಲಾಗದ ಅದೇ ಮರ. 2017ರ ಜನವರಿಯಿಂದ ಈ ಜಾತಿಯ ಮರಗಳ ಅಂತಾರಾಷ್ಟ್ರೀಯ ವ್ಯಾಪಾರದ ಮೇಲೆ ಸೈಟಿಸ್ ಒಪ್ಪಂದದ ಕಣ್ಗಾವಲು ಬಂದಾಗ ದೊಡ್ಡ ಗಿಟಾರ್ ಕಂಪನಿಗಳು ಕೆಲವು ಮಾದರಿಗಳಿಗೆ ಬೇರೆ ಮರ ಹುಡುಕಿಕೊಂಡವು. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬೇಸ್ ಎಲ್ಲಿಂದಲೋ ಬಂದ ವಾದ್ಯ, ನಮ್ಮ ಮಣ್ಣಿಗೆ ಸಂಬಂಧವಿಲ್ಲ ಎಂದು ಯಾರಾದರೂ ಅಂದರೆ ಬೆರಳಿಡುವ ಆ ಪಟ್ಟಿಯನ್ನು ತೋರಿಸಿ.

ಇನ್ನು ಮುಂದಿನದನ್ನು ದಯವಿಟ್ಟು ಎರಡು ಸಲ ಓದಿ.

ಕಾಫಿ ಸೀಮೆಯ ಒಂದೂರಿನ ಗಣಪತಿ. ಸಂಜೆಯಿಂದ ಜಿಟಿಜಿಟಿ ಮಳೆ, ಸ್ಟೇಜಿನ ಹಲಗೆಯ ಮೇಲೆ ಹಾಸಿದ್ದ ಜಮಖಾನ ಒದ್ದೆ. ನನ್ನ ಆಂಪ್ಲಿಫೈಯರಿಗೆ ಕರೆಂಟು ಪಕ್ಕದ ಮನೆಯಿಂದ, ಸೌಂಡಿನವರ ಮಿಕ್ಸರಿಗೆ ಜನರೇಟರಿನಿಂದ. ನಾಲ್ಕನೇ ಹಾಡಿನ ಕೋರಸ್ಸಿಗೆ ದನಿಗೂಡಿಸಲು ಮೈಕಿನ ಹತ್ತಿರ ಬಾಯಿ ಒಯ್ದೆ. ತುಟಿ ಜಾಲರಿಗೆ ತಾಗಿದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಡ್ರಮ್ಸಿನ ಕೆಳಗೆ ಬಿದ್ದಿದ್ದೆ, ಕೀಬೋರ್ಡಿನ ಗೆಳೆಯ ಎದೆ ಉಜ್ಜುತ್ತಿದ್ದ. ಹಿಂದಕ್ಕೆ ಬಿದ್ದದ್ದರಿಂದ ಬದುಕಿದೆ. ಎಡಗೈ ತಂತಿಗೆ ಅಂಟಿಕೊಂಡೇ ಇದ್ದಿದ್ದರೆ ಈ ಪತ್ರ ಇರುತ್ತಿರಲಿಲ್ಲ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ಊರಿನಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ ಸ್ಟೇಜಿನ ಮೇಲೆಯೇ ಪ್ರಾಣಬಿಟ್ಟದ್ದು ಹೀಗೆ, ಮೈಕ್ ಮುಟ್ಟಿ.

ಏನಾಗುತ್ತದೆ ಎಂದರೆ, ಬೇಸಿನ ತಂತಿಗಳು ಬ್ರಿಡ್ಜಿನ ಮೂಲಕ ಕೇಬಲ್ಲಿಗೂ ಅಲ್ಲಿಂದ ಆಂಪ್ಲಿಫೈಯರಿನ ಲೋಹದ ಮೈಗೂ ಸೇರಿರುತ್ತವೆ. ಮೈಕಿನ ಜಾಲರಿ ಮಿಕ್ಸರಿನ ಲೋಹದ ಮೈಗೆ ಸೇರಿರುತ್ತದೆ. ಎರಡಕ್ಕೂ ಒಂದೇ ಸರಿಯಾದ ಅರ್ಥಿಂಗ್ ಇದ್ದರೆ ಎರಡರ ನಡುವೆ ವೋಲ್ಟೇಜ್ ಇರುವುದಿಲ್ಲ. ಒಂದು ಕಡೆ ಅರ್ಥಿಂಗ್ ತಪ್ಪಿ, ಒಳಗೆ ಎಲ್ಲೋ ಫೇಸ್ ಸೋರುತ್ತಿದ್ದರೆ ಆ ಕರೆಂಟು ಹರಿಯಲು ಕಾಯುತ್ತಿರುವ ವೈರು ನಾವೇ. ಕೈಯಿಂದ ಎದೆಗೆ, ಎದೆಯಿಂದ ತುಟಿಗೆ.

ಆದ್ದರಿಂದ ಆಂಪ್ಲಿಫೈಯರ್, ಮಿಕ್ಸರ್, ಕೀಬೋರ್ಡ್ ಎಲ್ಲಕ್ಕೂ ಕರೆಂಟು ಒಂದೇ ಬೋರ್ಡಿನಿಂದ ಬರಬೇಕು. ಮೂರನೇ ಪಿನ್ ಮುರಿದ ಪ್ಲಗ್, ಬರಿ ವೈರನ್ನು ಕಡ್ಡಿ ಚುಚ್ಚಿ ನಿಲ್ಲಿಸಿದ ಸಾಕೆಟ್ ಕಂಡರೆ ನುಡಿಸಬೇಡಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು, ಒಂದು ಕಡ್ಡಿ ಬೇಸಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿಯಿರಿ, ಲೋಹ ಮುಟ್ಟದೆ. ಐದು ವೋಲ್ಟ್ ದಾಟಿದರೆ ಸ್ಟೇಜ್ ಹತ್ತಬೇಡಿ, ಕಾರಣ ಸಿಗುವವರೆಗೂ ಹತ್ತಬೇಡಿ. ಶಾಲೆ ಮೈದಾನದಲ್ಲಿ ಹೊಸದಾಗಿ ಅರ್ಥಿಂಗ್ ಮಾಡಿಸುವುದಾದರೆ ಕಬ್ಬಿಣದ ಸರಳು ಇಳಿಸಿ ಇದ್ದಿಲು ಉಪ್ಪು ತುಂಬಿ ನೀರು ಹಾಕುವ ಕೆಲಸ ಊರಿನ ವೈರ್‌ಮ್ಯಾನ್ ಮಾಡಲಿ, ನಾವು ಕೈಹಾಕುವುದು ಬೇಡ. ನಮ್ಮ ಬೋರ್ಡಿನಲ್ಲಿ 30 ಮಿಲಿ ಆಂಪಿನ ಆರ್‌ಸಿಸಿಬಿ ಇರಲಿ. ಮೈಮೇಲೆ ಹರಿಯುವ ಕರೆಂಟನ್ನು ಕ್ಷಣದೊಳಗೆ ಕಡಿಯುವುದು ಅದೊಂದೇ. ಜನರೇಟರ್ ಆದರೆ ನ್ಯೂಟ್ರಲ್ ನೆಲಕ್ಕೆ ಸೇರಿದೆಯೇ ಎಂದು ವೈರ್‌ಮ್ಯಾನನ್ನು ಕೇಳಿ, ಸೇರಿರದಿದ್ದರೆ ಆರ್‌ಸಿಸಿಬಿ ಇದ್ದೂ ಕೆಲಸಕ್ಕೆ ಬರುವುದಿಲ್ಲ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ಇಷ್ಟೆಲ್ಲ ಕೇಳಿದರೆ ಸಮಿತಿಯವರು ಬೇಸರಪಟ್ಟುಕೊಳ್ಳುತ್ತಾರೆ, ಮುಂದಿನ ವರ್ಷ ಕರೆಯುವುದಿಲ್ಲ ಎಂಬ ಅಂಜಿಕೆ ನಮಗೆಲ್ಲ ಇದೆ. ಒಬ್ಬನೇ ಕೇಳಿದರೆ ಹಾಗಾಗುತ್ತದೆ. ಎಲ್ಲ ಬೇಸಿನವರೂ ಇದನ್ನೇ ಕೇಳುತ್ತಾರೆಂದು ಆದರೆ ಅದು ಪದ್ಧತಿಯಾಗುತ್ತದೆ. ನಾನು ಮುಯ್ಯಾಳು ಅನ್ನುತ್ತಿರುವುದು ಹೆಚ್ಚಾಗಿ ಇದಕ್ಕೇ.

ಸದ್ದಿನ ಬಗ್ಗೆ ಹುಡುಗರು ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ: ರೂಮಿನಲ್ಲಿ ಎದೆ ನಡುಗಿಸುವ ಬೇಸ್ ಮೈದಾನಕ್ಕೆ ಹೋದರೆ ಎಲ್ಲಿ ಮಾಯವಾಗುತ್ತದೆ? ನಮ್ಮ ದಪ್ಪ ತಂತಿ ಬಿಟ್ಟು ಹೊಡೆದರೆ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ಎಂಟು ಮೀಟರಿಗಿಂತ ಹೆಚ್ಚು. ಕೋಣೆಯಲ್ಲಿ ಗೋಡೆ, ನೆಲ, ಮೂಲೆಗಳು ಅದನ್ನು ತಿರುಗಿಸಿ ಕೂಡಿಸುತ್ತವೆ. ಮೈದಾನದಲ್ಲಿ ಗೋಡೆಯಿಲ್ಲ, ಶಾಮಿಯಾನದ ಬಟ್ಟೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಇದರ ಮೇಲೆ ಹಳ್ಳಿಗಳಲ್ಲಿ ಕಂಬಕ್ಕೆ ಕಟ್ಟುವ ಹಾರ್ನ್ ಸ್ಪೀಕರುಗಳು 250 ಹರ್ಟ್ಸಿಗಿಂತ ಕೆಳಗಿನದನ್ನು ಹೊರಡಿಸುವುದೇ ಇಲ್ಲ. ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಪ್ರಯೋಜನವಿಲ್ಲ, ಮುಂದೆ ಕುಳಿತ ಮಕ್ಕಳಿಗೆ ಬರೀ ಗೊರಗೊರ. ಅಂಥ ಕಡೆ ಬೇಸನ್ನು ಸ್ವಲ್ಪ ಇಳಿಸಿ, ಮಿಡ್ ಏರಿಸಿ, ಬಲಗೈಯನ್ನು ಬ್ರಿಡ್ಜಿನ ಹತ್ತಿರ ತನ್ನಿ, ಐದನೇ ಫ್ರೆಟ್ಟಿನಿಂದ ಮೇಲೆ ನುಡಿಸಿ. ಮೇಲಿನ ಸ್ವರಾಂಶಗಳು ಕೇಳಿದರೆ ಕಿವಿಯೇ ಕೆಳಗಿನ ಸ್ವರವನ್ನು ಕಟ್ಟಿಕೊಳ್ಳುತ್ತದೆ. ಮೇಲೆ ನುಡಿಸುವುದರಿಂದ ಇನ್ನೊಂದು ಅನುಕೂಲ. ಹಾಡುವವರು ಕೊನೇ ಗಳಿಗೆಯಲ್ಲಿ "ಇವತ್ತು ಗಂಟಲು ಸರಿ ಇಲ್ಲ, ಅರ್ಧ ಸ್ವರ ಇಳಿಸಿ" ಎಂದರೆ ಬಿಟ್ಟ ತಂತಿಗಳನ್ನು ನಂಬಿದವರ ಕೈ ಕಟ್ಟಿಹೋಗುತ್ತದೆ. ಬಿಟ್ಟ ತಂತಿ ಬಳಸದವರು ಒಂದು ಫ್ರೆಟ್ ಹಿಂದೆ ಸರಿದರೆ ಮುಗಿಯಿತು.

ಕಿವಿಗೆ ಹತ್ತಿ ಸಾಲದು. 85 ಡೆಸಿಬಲ್ಲಿನಲ್ಲಿ ಎಂಟು ಗಂಟೆ ಇರಬಹುದಾದರೆ, 100ರಲ್ಲಿ ಕಾಲು ಗಂಟೆ ಮಾತ್ರ. ನಾವು ನಿಲ್ಲುವುದು ಡ್ರಮ್ಸಿನ ತಾಳದ ಪಕ್ಕ. ಇಯರ್ ಪ್ಲಗ್ ಜೇಬಿನಲ್ಲಿರಲಿ. ರಾತ್ರಿ ಹತ್ತರ ಗಡಿಯನ್ನೂ ಮರೆಯಬೇಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಾಡು ಎದುರುಗುಡ್ಡಕ್ಕೆ ಹೋಗದಿದ್ದರೂ ಬೇಸ್ ಹೋಗುತ್ತದೆ ಎಂಬುದಕ್ಕೆ ಮಾಗುಂಡಿ ರಸ್ತೆಯಲ್ಲಿ ನಿಂತ ನಾನೇ ಸಾಕ್ಷಿ. ಅಲ್ಲಿ ಬೆಳಿಗ್ಗೆ ಕೆಲಸಕ್ಕೆ ಏಳುವವರು ಮಲಗಿರುತ್ತಾರೆ.

ಈಗ ಟ್ರ್ಯಾಕ್ ಹಾಕಿ ಹಾಡುವ ಕಾರ್ಯಕ್ರಮಗಳು ಹೆಚ್ಚು. ಇಲ್ಲವೆಂದರೆ ಕೀಬೋರ್ಡಿನವರ ಎಡಗೈಯೇ ಬೇಸ್. ಸಮಿತಿಯ ಬಳಿ ದುಡ್ಡಿಲ್ಲದಿದ್ದರೆ ಏನು ಮಾಡುತ್ತಾರೆ, ಹಾಗೆ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೊನ್ನೆ ಒಂದು ಕಾರ್ಯಕ್ರಮದಲ್ಲಿ ಶಾಲೆಯ ಹುಡುಗಿಯೊಬ್ಬಳು ಹಾಡುತ್ತ ಚರಣದ ಎರಡನೇ ಸಾಲು ಮರೆತಳು. ಟ್ರ್ಯಾಕ್ ಅವಳನ್ನು ಬಿಟ್ಟು ಮುಂದೆ ಹೋಯಿತು, ಮಗು ಅಲ್ಲೇ ನಿಂತು ಅತ್ತಿತು. ನಾನಿದ್ದಿದ್ದರೆ ಅದೇ ಸ್ವರದ ಮೇಲೆ ನಾಲ್ಕು ಮಾತ್ರೆ ಸುತ್ತಿ, ಅವಳಿಗೆ ಸಾಲು ನೆನಪಾದ ಮೇಲೆ ಕೈ ಹಿಡಿದುಕೊಂಡು ಹೋಗುತ್ತಿದ್ದೆ. ನಮ್ಮಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು. ಆ ಕೆಲಸ ಬೇಕೆನ್ನುವವರು ಇನ್ನೂ ಇದ್ದಾರೆ. ರಘು ದೀಕ್ಷಿತ್ ಪ್ರಾಜೆಕ್ಟಿನಲ್ಲಿ ಗೌರವ್ ವಾಜ್, ಸ್ವರಾತ್ಮದಲ್ಲಿ ಜಿಷ್ಣು ದಾಸ್‌ಗುಪ್ತ ಬೇಸ್ ಹಿಡಿದು ಕನ್ನಡದ ಹಾಡುಗಳನ್ನು ದೇಶದಾಚೆಗೂ ಕೊಂಡೊಯ್ದರು. ಕಲಿಯುವ ಹುಡುಗರಿಗೆ ನಾನು ಮೊದಲು ಕೇಳಲು ಹೇಳುವುದು ಶಂಕರ್‌ನಾಗ್ ನಿರ್ದೇಶನದ 1981ರ 'ಗೀತಾ', ಮಣಿರತ್ನಂ ಅವರ ಮೊದಲ ಚಿತ್ರವಾದ 1983ರ 'ಪಲ್ಲವಿ ಅನುಪಲ್ಲವಿ'. ಎರಡರ ಸಂಗೀತವೂ ಇಳಯರಾಜ ಅವರದು. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದು ಕನ್ನಡ ಚಿತ್ರಗಳಲ್ಲಿ ಪಳಗಿದವರು. ಅವರ ಬೇಸ್ ಹಾಡಿನ ಹಿಂದೆ ಹೆಜ್ಜೆ ಎಣಿಸುತ್ತ ಬರುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಹಾಡು ಹೇಳಿಕೊಳ್ಳುತ್ತ ಬರುತ್ತದೆ. ಹಾಡುವವರ ದನಿಯನ್ನು ಮನಸ್ಸಿನಲ್ಲೇ ಅಳಿಸಿ ಅದೊಂದನ್ನೇ ಹಿಡಿದು ಕೇಳಿ.

ನನ್ನ ಶುರುವಿನ ವರ್ಷಗಳಲ್ಲಿ ಬೇಸ್ ಓಡಾಡಿದ್ದು ಸಹಕಾರ ಸಾರಿಗೆ ಬಸ್ಸಿನಲ್ಲಿ. ಎಂಜಿನ್ ಬಾನೆಟ್ಟಿನ ಬಿಸಿ ತಾಗದಂತೆ ಡ್ರೈವರ್ ಹಿಂದಿನ ಸಂದಿಯಲ್ಲಿ ನಿಲ್ಲಿಸಿಕೊಡುತ್ತಿದ್ದರು, ಅರ್ಧ ಟಿಕೆಟ್ ಕೂಡ ಕೇಳುತ್ತಿರಲಿಲ್ಲ. ಮಳೆಗಾಲದಲ್ಲಿ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಾಗ ಈಚೆ ದಡದಲ್ಲಿ ಬಸ್ಸಿನಲ್ಲೇ ಕಾದು ಕುಳಿತ ಸಂಜೆಗಳಿವೆ. 1991ರಲ್ಲಿ ಕೊಪ್ಪದಲ್ಲಿ ನಿಂತುಹೋಗುತ್ತಿದ್ದ ಒಂದು ಬಸ್ ಕಂಪನಿಯ ಕೆಲಸಗಾರರೇ ಸೇರಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲೀಕರು. 2020ರಲ್ಲಿ ಬಸ್ಸುಗಳು ನಿಂತವು. ಆದರೂ ಸುಮಾರು ಮೂವತ್ತು ವರ್ಷ ಈ ಘಟ್ಟದ ಊರುಗಳನ್ನು ಅವು ಹೊಲಿದಿಟ್ಟವು. ಅಷ್ಟು ದೊಡ್ಡದೇನನ್ನೂ ನಾನು ಕೇಳುತ್ತಿಲ್ಲ. ನಮಗೆ ಬೇಕಾದದ್ದು ಒಂದು ಟ್ರಂಕು.

ಆ ಟ್ರಂಕಿನಲ್ಲಿ ಒಂದು ಹೆಚ್ಚುವರಿ ಬೇಸ್, ಯಾರದಾದರೂ ತಂತಿ ತುಂಡಾದಾಗ ಕೊಡಲು ಎರಡು ಸೆಟ್ ತಂತಿ, ಬೇಸನ್ನು ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸ್, ಮಲ್ಟಿಮೀಟರ್, ಆರ್‌ಸಿಸಿಬಿ ಕೂರಿಸಿದ ಬೋರ್ಡು, ಸೋಲ್ಡರಿಂಗ್ ಕಡ್ಡಿ, ಕಾಂಟ್ಯಾಕ್ಟ್ ಕ್ಲೀನರ್, ಅಲೆನ್ ಕೀಗಳು. ತಿಂಗಳಿಗೆ ಒಬ್ಬರ ಮನೆಯಲ್ಲಿ ಇರಲಿ. ಕಾರ್ಯಕ್ರಮ ಇದ್ದವರು ಒಯ್ಯಲಿ, ಒರೆಸಿ ತಂದುಕೊಡಲಿ. ಒಯ್ದದ್ದು, ತಂದದ್ದು, ಕೆಟ್ಟದ್ದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿರಲಿ. ಬೇಸನ್ನು ನಾನು ಕೊಡುತ್ತೇನೆ, ನನ್ನ ಎರಡನೆಯದು, ಹಳೆಯದಾದರೂ ನೆಕ್ ನೇರವಾಗಿದೆ. ಉಳಿದದ್ದಕ್ಕೆ ಎಲ್ಲರೂ ಕೈಲಾದಷ್ಟು ಹಾಕೋಣ.

ಆ ಬೇಸ್ ಕಾರ್ಯಕ್ರಮ ಇಲ್ಲದ ದಿನಗಳಲ್ಲಿ ಎಲ್ಲಿರಬೇಕೆಂದೂ ನನ್ನ ಮನಸ್ಸಿನಲ್ಲಿದೆ. ಮೂಡಿಗೆರೆ ಕಡೆಯ ಒಂದು ಚರ್ಚಿನ ಗಾಯನ ತಂಡದಲ್ಲಿ ಹಾಡುವ ಹುಡುಗಿಯೊಬ್ಬಳು ಕ್ರಿಸ್‌ಮಸ್ ಸಮಯದಲ್ಲಿ ನನ್ನ ಬಳಿ ಬಂದು, "ಅಣ್ಣ, ಒಂದ್ಸಲ ಹಿಡ್ಕೊಳ್ಲಾ?" ಎಂದು ಕೇಳಿದಳು. ಹೆಗಲಿಗೆ ಹಾಕಿಕೊಟ್ಟೆ. ಭಾರಕ್ಕೆ ಒಂದು ಗಳಿಗೆ ವಾಲಿ ಮತ್ತೆ ನೆಟ್ಟಗೆ ನಿಂತಳು. ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿ, ಅದು ಆರುವವರೆಗೂ ಕಣ್ಣು ಮುಚ್ಚಿಕೊಂಡು ಕೇಳಿದಳು. ಅವಳ ತಂದೆ ತಾಯಿ ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರು, ಬೇಸ್ ಕೊಳ್ಳುವುದು ಸದ್ಯಕ್ಕೆ ಆಗದ ಮಾತು. ಮಳೆಗಾಲದ ನಾಲ್ಕು ತಿಂಗಳು ನಮಗೆ ಕಾರ್ಯಕ್ರಮ ಕಡಿಮೆ. ಆ ನಾಲ್ಕು ತಿಂಗಳು ಟ್ರಂಕಿನ ಬೇಸ್ ಅವಳ ಮನೆಯಲ್ಲಿರಲಿ. ನುಡಿಸುತ್ತಿರುವ ವಾದ್ಯಕ್ಕೆ ಬೂಷ್ಟು ಬರುವುದೂ ಕಡಿಮೆ. ಮೂಡಿಗೆರೆಯ ಆಸುಪಾಸಿನವರು ಯಾರಾದರೂ ವಾರಕ್ಕೊಮ್ಮೆ ಹೋಗಿ ಹೇಳಿಕೊಟ್ಟರೆ ಬಾಕಿ ಕೆಲಸ ಅವಳೇ ಮಾಡಿಕೊಳ್ಳುತ್ತಾಳೆ.

ಮೇ ತಿಂಗಳ ಕೊನೆಯ ಭಾನುವಾರ ನನ್ನ ಮನೆಗೆ ಬನ್ನಿ. ಅಷ್ಟರೊಳಗೆ ಗಿಡಕ್ಕೆ ಗೊಬ್ಬರ ಹಾಕಿ ಮುಗಿದಿರುತ್ತದೆ, ದೊಡ್ಡ ಮಳೆ ಶುರುವಾಗಿರುವುದಿಲ್ಲ. ಬೆಳಿಗ್ಗೆ ಬೇಗ ಬಂದವರು ಅನ್ನಪೂರ್ಣೇಶ್ವರಿಯ ದರ್ಶನ ಮಾಡಿಕೊಂಡು ಬರಬಹುದು. ಮಧ್ಯಾಹ್ನದ ಊಟ ಬೇಕಾದರೆ ದೇವಸ್ಥಾನದಲ್ಲೇ ಆಗುತ್ತದೆ, ಅಲ್ಲಿ ಬಂದವರಿಗೆಲ್ಲ ಎಲೆ ಇದೆ. ನಮ್ಮ ಮನೆಯಲ್ಲೂ ಕಡುಬು ಮಾಡಿಸಿರುತ್ತೇನೆ. ಬರುವಾಗ ನಿಮ್ಮ ಬೇಸ್ ತನ್ನಿ. ನುಡಿಸದೆ ಮೂಲೆಯಲ್ಲಿಟ್ಟದ್ದು, ಜ್ಯಾಕ್ ಕಿತ್ತದ್ದು, ಗುಂಡಿ ತಿರುಗಿಸಿದರೆ ಬರಬರ ಅನ್ನುವುದು, ನೆಕ್ ಬಾಗಿದ್ದು, ಯಾವುದಿದ್ದರೂ ತನ್ನಿ. ಪ್ಲಾಸ್ಟಿಕ್ ಸುತ್ತಿಟ್ಟಿದ್ದರೆ ಇವತ್ತೇ ಬಿಚ್ಚಿ, ಒಂದು ಗಂಟೆ ಗಾಳಿಗಿಡಿ. ಜಗಲಿಯಲ್ಲಿ ಉದ್ದದ ಮೇಜು ಹಾಕಿಸಿ, ಸೋಲ್ಡರಿಂಗ್ ಕಡ್ಡಿ ಕಾಯಿಸಿಟ್ಟಿರುತ್ತೇನೆ.

ನಿಮ್ಮವ,
ಹೊರನಾಡಿನ ಒಬ್ಬ ಬೇಸ್ ವಾದಕ